ಟಪಾಲು ಬಂತಾ?

ಸರಕಾರಿ ಕಚೇರಿಯ ಗುಮಾಸ್ತರು ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತೊಡನೆ ಕೇಳುವ ಮಾತು ಇಂದಿಗೂ ಒಂದೇ: 'ಟಪಾಲು ಬಂತಾ?' ಹೊರಗಡೆ ಬೋರ್ಡುಗಳಲ್ಲೆಲ್ಲ ಅಂಚೆ ಇಲಾಖೆ, ಅಂಚೆ ಕಚೇರಿ, ಅಂಚೆ ಚೀಟಿ. ಒಳಗೆ ಮೇಜಿನ ಮೇಲೆ ಟಪಾಲು ವಹಿ, ಗೋಡೆಯಾಚೆ ಟಪಾಲು ಶಾಖೆ. ಬೋರ್ಡನ್ನು ಅಂಚೆ ಗೆದ್ದುಕೊಂಡಿತು. ಮೇಜನ್ನು ಮಾತ್ರ ಟಪಾಲು ಬಿಟ್ಟುಕೊಡಲಿಲ್ಲ. ಅಂಕೋಲೆ, ಕಾರವಾರದ ಕಡೆ ಹಳಬರಿಗೆ ಕಾಗದವನ್ನು 'ಟಪಾಲಿಗೆ ಹಾಕಿ'ಯೇ ರೂಢಿ. ಊರಿಂದ ದೂರ ಹೋದ ಮಗನಿಗೆ ಬರೆದ ಪತ್ರದ ಕೊನೆಯಲ್ಲಿ 'ಮರುಟಪಾಲಿಗೆ ಉತ್ತರ ಬರೆ' ಎಂಬ ತಾಕೀತು ಇದ್ದೇ ಇರುತ್ತಿತ್ತು.

ಅಂಚೆ ಮೈಸೂರಿನ ಶಬ್ದ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷರ ಇಲಾಖೆಯಲ್ಲಿ ಸೇರಿಹೋಗುವವರೆಗೂ ಸಂಸ್ಥಾನದ ಸ್ವಂತದ್ದಾಗಿತ್ತು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ ಹಕ್ಕಿ ಅದೇ ಆದ್ದರಿಂದ, ಎರಡನ್ನೂ ಗಂಟುಹಾಕಿ ಖುಷಿಪಡುವವರು ಬಹಳ. ಪಂಡಿತರು ಒಪ್ಪಲಿ ಬಿಡಲಿ, ಕತೆ ಚೆನ್ನಾಗಿದೆ.

ಟಪಾಲಿಗೆ ಅಂಥ ಹಂಸದ ರೆಕ್ಕೆ ಇಲ್ಲ. ಉತ್ತರ ಕನ್ನಡ ಮೊದಲು ಮದ್ರಾಸು ಪ್ರಾಂತದಲ್ಲಿತ್ತು, 1862ರಲ್ಲಿ ಮುಂಬಯಿಗೆ ಹೋಯಿತು, 1956ರಲ್ಲಿ ನಮ್ಮ ಜತೆಗೆ ಬಂತು. ಮದ್ರಾಸಿನಲ್ಲೂ ಟಪಾಲು, ಮುಂಬಯಿಯ ಮರಾಠಿಯಲ್ಲೂ ಟಪಾಲು. ಯಜಮಾನರು ಬದಲಾದರೂ ಶಬ್ದ ಬದಲಾಗಲಿಲ್ಲ. ಇದರ ಹುಟ್ಟು ಎಲ್ಲಿ ಎಂದು 1886ರ 'ಹಾಬ್ಸನ್-ಜಾಬ್ಸನ್' ಕೋಶ ತಲೆ ಕೆರೆದುಕೊಂಡು, ಮೂಲ ಅಸ್ಪಷ್ಟ ಎಂದು ಕೈಬಿಟ್ಟಿದೆ. ತೆಲುಗಿನ ವಿದ್ವಾಂಸ ಸಿ.ಪಿ. ಬ್ರೌನ್ ಮಾತ್ರ ಇದಕ್ಕೂ ಫ್ರೆಂಚರ 'ಎತಾಪ್' ಶಬ್ದಕ್ಕೂ ನಂಟಿರಬಹುದೆಂದು ಸೂಚಿಸಿದ್ದರು. ಎತಾಪ್ ಎಂದರೆ ದಾರಿಯ ಒಂದು ತಂಗುದಾಣ, ಒಂದು ಹಂತ. ನನಗೆ ಆ ವ್ಯುತ್ಪತ್ತಿಯಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಆದರೆ ಅರ್ಥ ಮಾತ್ರ ಈ ಕರಾವಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಉತ್ತರ ಕನ್ನಡದ ಕರಾವಳಿಗುಂಟ ಹೋಗುವುದೆಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಪ್ರತಿ ನದಿಗೂ ದಾಟಿಸುವ ದೋಣಿ, ಅಂದರೆ ತಾರಿ; ಪ್ರತಿ ತಾರಿಯಲ್ಲೂ ಕಾಯುವಿಕೆ. ಕಾಗದದ ಚೀಲ ಒಬ್ಬನ ಹೆಗಲಿಂದ ಇಳಿದು, ದೋಣಿ ಹತ್ತಿ, ಆಚೆ ದಡದಲ್ಲಿ ಇನ್ನೊಬ್ಬನ ಹೆಗಲೇರಬೇಕು. ಟಪಾಲು ಎಂದರೆ ಕಾಗದ ಮಾತ್ರ ಅಲ್ಲ, ಈ ಕೈಯಿಂದ ಆ ಕೈಗೆ ದಾಟುವುದೂ ಹೌದು.

ಮಂಜಗುಣಿ ಅಂಥ ಒಂದು ದಾಟು. ಧಾರವಾಡದ ಕಡೆ ಹುಟ್ಟಿ, ಬೇಡ್ತಿ ಎನಿಸಿಕೊಂಡು ಘಟ್ಟ ಇಳಿಯುವ ನದಿ ಗಂಗಾವಳಿಯಾಗಿ ಇಲ್ಲಿ ಕಡಲು ಸೇರುತ್ತದೆ. ಈಚೆ ದಡ ಅಂಕೋಲಾ ತಾಲೂಕಿನ ಮಂಜಗುಣಿ, ಆಚೆ ಕುಮಟಾ ತಾಲೂಕಿನ ಗಂಗಾವಳಿ, ಅದರಾಚೆ ಗೋಕರ್ಣ. ಶಿರಸಿ ಬದಿಯ ಮಂಜುಗುಣಿ ವೆಂಕಟರಮಣನ ಊರು ಬೇರೆ; ಎರಡನ್ನೂ ಕಲಸಿಕೊಂಡು ದಾರಿ ತಪ್ಪುವವರು ಈಗಲೂ ಇದ್ದಾರೆ. ಇಲ್ಲಿ ತಲೆಮಾರುಗಳ ಕಾಲ ತಾರಿ ನಡೆದಿತ್ತು, ಈಗ ಸೇತುವೆ ಎದ್ದಿದೆ. ತಮಾಷೆಯೆಂದರೆ ಅಂಕೋಲೆಯ ಪಿನ್ ಕೋಡು 581314, ಧಾರವಾಡದ್ದು 580001. ನದಿ ಬಂದ ಕಡೆಯಿಂದಲೇ ಪಿನ್ನೂ ಇಳಿದು ಬಂದಂತಿದೆ.

ಈ ಮಂಜಗುಣಿಯಲ್ಲಿ ಬೇಸಿಗೆ ರಜೆಯ ಒಂದು ದಿನ ಮನೆಯ ಇಬ್ಬರು ಮಕ್ಕಳಿಗೆ ಡಬ್ಬಿ ಹುಡುಕುವ ಆಟ ಆಡಿಸಿದೆವು. ಆಟ ನಮ್ಮದಲ್ಲ, ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬೋಳು ಗುಡ್ಡಗಾಡಿನದು. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಅಲ್ಲಿನ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಹೋಗುತ್ತಿದ್ದರು. ಮುಂದೆ ವಿಳಾಸ ಬರೆದು ಸ್ಟ್ಯಾಂಪು ಹಚ್ಚಿದ ಕಾರ್ಡು ಬಿಟ್ಟುಹೋಗುವ ಪದ್ಧತಿ ಬಂತು. ನಂತರ ಬಂದವನು ಅದನ್ನು ತೆಗೆದುಕೊಂಡು ತನ್ನೂರಿಂದ ಟಪಾಲಿಗೆ ಹಾಕಬೇಕು. ಕಾರ್ಡು ಹೋದವು, 'ಲೆಟರ್‌ಬಾಕ್ಸಿಂಗ್' ಎಂಬ ಹೆಸರು ಉಳಿಯಿತು. ಈಗಿನ ಡಬ್ಬಿಯಲ್ಲಿ ಒಂದು ಚಿಕ್ಕ ವಹಿ, ಒಂದು ರಬ್ಬರ್ ಮುದ್ರೆ. ಸುಳಿವು ಹಿಡಿದು ಹುಡುಕಿದವನು ಆ ಮುದ್ರೆಯನ್ನು ತನ್ನ ಪುಸ್ತಕಕ್ಕೂ ತನ್ನ ಮುದ್ರೆಯನ್ನು ಡಬ್ಬಿಯ ವಹಿಗೂ ಒತ್ತಿ, ಇದ್ದಲ್ಲೇ ಮುಚ್ಚಿಟ್ಟು ಬರುತ್ತಾನೆ. 1998ರಲ್ಲಿ 'ಸ್ಮಿತ್‌ಸೋನಿಯನ್' ಪತ್ರಿಕೆಯ ಲೇಖನವೊಂದು ಇದನ್ನು ಅಮೆರಿಕದ ತುಂಬ ಹಬ್ಬಿಸಿತು. 2000ದ ಮೇ ತಿಂಗಳಲ್ಲಿ ಜಿಪಿಎಸ್‌ನ ನಿಖರತೆ ಸಾರ್ವಜನಿಕರಿಗೂ ಸಿಕ್ಕಿದಾಗ ಇದರ ತಮ್ಮನಂತೆ ಜಿಯೋಕ್ಯಾಶಿಂಗ್ ಹುಟ್ಟಿತು. ಅಂದಹಾಗೆ, ಪೆರಟ್ ಬಾಟಲಿ ಇಟ್ಟ 1854ರಲ್ಲೇ ನಮ್ಮಲ್ಲೂ ಅರ್ಧ ಆಣೆಯ ಸ್ಟ್ಯಾಂಪು ಬಂದು, ದೇಶದಲ್ಲಿ ಎಲ್ಲಿಂದೆಲ್ಲಿಗೆ ಬರೆದರೂ ಕಾಗದಕ್ಕೆ ಒಂದೇ ದರ ಆಯಿತು.

ಮುದ್ರೆ ಕೆತ್ತುವುದರಲ್ಲೇ ಮಕ್ಕಳ ಬೆಳಗು ಕಳೆಯಿತು. ಚಿಕ್ಕವಳು ಅರ್ಧ ಕತ್ತರಿಸಿದ ಬೆಂಡೆಕಾಯಿ ಅದ್ದಿ ಹೂವಿನ ಮುದ್ರೆ ಮಾಡಿಕೊಂಡು ಐದು ನಿಮಿಷದಲ್ಲಿ ಸಿದ್ಧಳಾದಳು. ದೊಡ್ಡವನು ಅಳಿಸುವ ರಬ್ಬರಿನ ಮೇಲೆ ಬ್ಲೇಡಿನಿಂದ 'ತಾರಿ' ಎಂದು ಕೆತ್ತಿದ. ಒತ್ತಿ ನೋಡಿದರೆ ಅಕ್ಷರ ಬಲದಿಂದ ಎಡಕ್ಕೆ ಓಡುತ್ತಿದ್ದವು. ಇನ್ನೊಂದು ರಬ್ಬರಿನಲ್ಲಿ ಕನ್ನಡಿ ನೋಡಿಕೊಂಡು ತಿರುವಿ ಕೆತ್ತಿದ. ರಿ ಅಕ್ಷರದ ಗುಣಿತ ಬೇರೆ ಅವನ ಪ್ರಾಣ ತಿಂದಿತು. ಉಪ್ಪುಗಾಳಿಯ ಊರಿನಲ್ಲಿ ಸ್ಟ್ಯಾಂಪ್ ಪ್ಯಾಡಿನ ಶಾಯಿ ಬೇಗ ಒಣಗುವುದಿಲ್ಲ. ಒತ್ತಿದ ಮುದ್ರೆಯನ್ನು ಬಾಯಲ್ಲಿ ಊದುತ್ತ ನಿಲ್ಲಬೇಕು.

ಡಬ್ಬಿ ಅಡಗಿಸಲು ಜಾಗಕ್ಕೇನೂ ಬರವಿರಲಿಲ್ಲ. ಚಿರೆಕಲ್ಲಿನ ಪಾಗಾರದ ಸಂದಿ, ಒಣಗಿದ ತೆಂಗಿನ ಗರಿಯ ಅಡಿ, ಕಾಂಡ್ಲಾ ಗಿಡಗಳ ಹತ್ತಿರದ ಕಲ್ಲು. ಕೊನೆಯದಕ್ಕೆ ಹೊಳೆಯ ಅನುಮತಿಯೂ ಬೇಕು, ಭರತ ಏರಿದರೆ ಅಲ್ಲಿ ಕಲ್ಲೂ ಇಲ್ಲ ಡಬ್ಬಿಯೂ ಇಲ್ಲ. ಪಾಗಾರದ ಸಂದಿಗಳಲ್ಲಿ ಕೈಹಾಕುತ್ತಿದ್ದ ಹುಡುಗನನ್ನು ಜಗಲಿಯಲ್ಲಿದ್ದ ಅಜ್ಜಿಯೊಬ್ಬರು ಕರೆದರು.

'ಎಂತ ಕಳ್ದೋಯ್ತಾ ತಮಾ?'

'ಕಳೆದಿಲ್ಲ ಅಜ್ಜೀ. ಮಾಮ ಡಬ್ಬಿ ಬಚ್ಚಿಟ್ಟಿದಾನೆ, ಹುಡುಕ್ತಿದೀನಿ.'

'ಅವ್ನೇ ಇಟ್ಟದ್ದಾದ್ರೆ ಅವ್ನನ್ನೇ ಕೇಳಾ. ಹುಡುಕೂದೆಂತಕ್ಕೆ?'

ಈ ಪ್ರಶ್ನೆಗೆ ಡಾರ್ಟ್‌ಮೂರಿನವರ ಬಳಿಯೂ ಉತ್ತರ ಇದ್ದೀತೆ? ಗಂಗಾವಳಿಯ ದಡದಲ್ಲಿ ಹುಡುಕುವುದೆಂದರೆ ಹಗುರ ಮಾತೂ ಅಲ್ಲ. 2024ರ ಜುಲೈ 16ರಂದು ಮೇಲ್ಗಡೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದು ಜನ, ವಾಹನ ನದಿಪಾಲಾದಾಗ, ಒಂದು ಲಾರಿಯನ್ನು ನೀರಿನಿಂದ ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ 25 ಆಗಿತ್ತು. ಯಾರಾದರೂ ದಡದಲ್ಲಿ ಬಗ್ಗಿ ನೋಡುತ್ತಿದ್ದರೆ 'ಎಂತ ಕಳೆಯಿತು' ಎಂದು ಇಲ್ಲಿಯವರು ಕೇಳುವುದು ಬರೀ ಕುತೂಹಲಕ್ಕಲ್ಲ.

ಗುಟ್ಟಾಗಿ ಡಬ್ಬಿ ಇಡುವುದಕ್ಕೆ ಈ ಸೀಮೆಯಲ್ಲಿ ಬೇರೆ ತೊಡಕೂ ಇದೆ. ಕಾರವಾರದ ಅರ್ಗಾದಲ್ಲಿ 2005ರಿಂದ ನೌಕಾನೆಲೆ ಕದಂಬ, ಒಳನಾಡಿನಲ್ಲಿ ಕೈಗಾ ಅಣುಸ್ಥಾವರ. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಬಸ್‌ ನಿಲ್ದಾಣ, ರೈಲುಗಳಲ್ಲಿ ಕೇಳಿ ಬೆಳೆದವರು ನಾವು. ಸೇತುವೆಯ ಬುಡದಲ್ಲಿ ಮೊಹರು ಮಾಡಿದ ಡಬ್ಬಿ ಸಿಕ್ಕರೆ ಊರಿನವರು ಮುದ್ರೆ ಒತ್ತಿಕೊಂಡು ಹೋಗುತ್ತಾರೆಯೆ? ಹಾಗಾಗಿ ಸೇತುವೆಯ ಹತ್ತಿರವೂ ಸುಳಿಯದೆ, ಆಯಾ ಮನೆಯವರಿಗೆ ಹೇಳಿಯೇ ಇಟ್ಟೆವು. ಹೇಳಿದ ಮೇಲೆ ಕೇಳಬೇಕೆ, ಸ್ವಲ್ಪ ಹೊತ್ತಿನಲ್ಲೇ ಇಡೀ ಕೇರಿಗೆ ಡಬ್ಬಿಗಳು ಎಲ್ಲೆಲ್ಲಿವೆ ಎಂದು ಗೊತ್ತಾಗಿತ್ತು, ಹುಡುಕುತ್ತಿದ್ದ ಮಕ್ಕಳಿಬ್ಬರ ಹೊರತು. ಕೇರಿಯ ಹುಡುಗರು ತಾವೂ ಪೆನ್ನಿನಿಂದ ವಹಿಯಲ್ಲಿ ಹೆಸರು ಬರೆದು, ಒಂದು ಡಬ್ಬಿಗೆ ಬಾಳೆಹಣ್ಣಿನ ಮಿಠಾಯಿ, ಇನ್ನೊಂದಕ್ಕೆ ಕವಡೆ ತುಂಬಿದ್ದರು. ಡಾರ್ಟ್‌ಮೂರಿನ ನಿಯಮದಲ್ಲಿ ಇದು ಸಲ್ಲದು. ಮಂಜಗುಣಿಯ ನಿಯಮದಲ್ಲಿ ಖಾಲಿ ಡಬ್ಬಿ ಕೊಡುವುದು ಸಲ್ಲದು.

ಈ ಆಟಕ್ಕೆ ಕನ್ನಡದಲ್ಲಿ 'ಅಂಚೆಪೆಟ್ಟಿಗೆ ಆಟ' ಎಂದು ಯಾರಾದರೂ ಹೆಸರಿಟ್ಟರೆ ನನ್ನ ತಕರಾರಿದೆ. ಅಂಚೆಪೆಟ್ಟಿಗೆ ಎಂದರೆ ದೂರದಿಂದಲೇ ಎದ್ದು ಕಾಣಬೇಕು, ಅದಕ್ಕೆಂದೇ ಕೆಂಪು ಬಣ್ಣ. ಇಲ್ಲಿ ಪೆಟ್ಟಿಗೆ ಮುಖ್ಯವೇ ಅಲ್ಲ. ಒಬ್ಬ ಇಟ್ಟದ್ದು ಇನ್ನೊಬ್ಬನ ಕೈಗೆ ಸಿಕ್ಕಿ, ಅವನು ಮೂರನೆಯವನಿಗಾಗಿ ಮತ್ತೆ ಮುಚ್ಚಿಡುತ್ತಾನಲ್ಲ, ಆ ದಾಟಿಸುವಿಕೆಯೇ ಆಟ. ಅದಕ್ಕೆ ತಕ್ಕ ಶಬ್ದ ಟಪಾಲು. 'ಟಪಾಲು ಆಟ' ಎನ್ನಿ, ಸಾಕು.

ಸಂಜೆ ಅಂಕೋಲೆಗೆ ಮರಳುವಾಗ ಮಕ್ಕಳು ನಿಜವಾದ ಕೆಂಪು ಡಬ್ಬಿ ಎಲ್ಲಿದೆ ತೋರಿಸು ಎಂದರು. ಅದನ್ನು ಹುಡುಕಲು ಬಚ್ಚಿಟ್ಟ ಡಬ್ಬಿಗಳಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಸಿಕ್ಕಿದ್ದು ಒಂದು ಅಂಗಡಿಯ ತಗಡಿನ ಮಾಡಿನ ಕೆಳಗೆ, ತೂಗುಬಿಟ್ಟ ಚಿಪ್ಸ್ ಪೊಟ್ಟಣಗಳ ಮರೆಯಲ್ಲಿ. ಬಣ್ಣ ಮಾಸಿ ಇಟ್ಟಿಗೆಯ ಕೆಂಪಿಗೆ ಬಂದಿತ್ತು, ಬೀಗ ಗಟ್ಟಿಯಾಗಿತ್ತು, ಬಾಯಿಯ ಅಂಚು ಮಾತ್ರ ಕೈ ತಾಗಿ ತಾಗಿ ಹೊಳೆಯುತ್ತಿತ್ತು. ಅಂದರೆ ಯಾರೋ ಇನ್ನೂ ಹಾಕುತ್ತಿದ್ದಾರೆ. ಹುಡುಗ ಅಲ್ಲೇ ನಿಂತು ತನ್ನ ಅಮ್ಮನಿಗೆ ಕಾರ್ಡು ಬರೆದು, ತಿರುವಿ ಕೆತ್ತಿದ ತಾರಿ ಮುದ್ರೆ ಒತ್ತಿ ಒಳಗೆ ಬಿಟ್ಟ.

ನಿಮ್ಮ ಊರಿನ ಕೆಂಪು ಡಬ್ಬಿ ಎಲ್ಲಿದೆ, ಒಮ್ಮೆ ಹುಡುಕಿ ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಸಿಕ್ಕರೆ ಸುಮ್ಮನೆ ನೋಡಿ ಬರಬೇಡಿ. ಕಾರ್ಡಿಗೆ ಬರೀ 50 ಪೈಸೆ, ಯಾರಿಗಾದರೂ ಎರಡು ಸಾಲು ಬರೆದು ಟಪಾಲಿಗೆ ಹಾಕಿ. ಪಿನ್ ಕೋಡ್ ಮರೆಯಬೇಡಿ.