ವಿದ್ಯುತ್ ಪೆಟ್ಟಿಗೆಯೊಳಗಿನ ಇಬ್ಬನಿ

ಕರಾವಳಿ ಮತ್ತು ಮಲೆನಾಡಿನ ವಿದ್ಯುತ್ ಉಪಕೇಂದ್ರಗಳ ಸಿಬ್ಬಂದಿಗೆ ಮಳೆಗಾಲದ ಒಂದು ತೊಂದರೆ ಚಿರಪರಿಚಿತ. ಮಾರ್ಗದ ಮೇಲೆ ಮರ ಬಿದ್ದಿರುವುದಿಲ್ಲ, ಟ್ರಾನ್ಸ್‌ಫಾರ್ಮರ್ ಕೆಟ್ಟಿರುವುದಿಲ್ಲ. ಆದರೂ ಸರ್ಕಿಟ್ ಬ್ರೇಕರ್ ತಾನಾಗಿಯೇ ತೆರೆದುಕೊಂಡು ಪೂರೈಕೆ ನಿಂತುಬಿಡುತ್ತದೆ. ಹುಡುಕುತ್ತ ಹೋದಾಗ ಕಾರಣ ಸಿಗುವುದು ಹಲವೊಮ್ಮೆ ಟ್ರಾನ್ಸ್‌ಫಾರ್ಮರ್‌ನ ಮಗ್ಗುಲಿಗಿರುವ ಉಕ್ಕಿನ ಪೆಟ್ಟಿಗೆಯಲ್ಲಿ. ಬಾಗಿಲು ತೆರೆದರೆ ಒಳಗೋಡೆಯ ಮೇಲೆ ಬೆವರಿನಂತೆ ನೀರಹನಿ, ಟರ್ಮಿನಲ್‌ಗಳ ತುದಿಯಲ್ಲಿ ಹಸಿರು ಕಿಲುಬು. ವಿಚಿತ್ರವೆಂದರೆ ಪೆಟ್ಟಿಗೆ ಎಲ್ಲಿಯೂ ಸೋರಿರುವುದಿಲ್ಲ.

ಈ ನೀರು ಮಳೆಯದಲ್ಲ, ಗಾಳಿಯದು. 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಹಿಡಿಯುವುದು ಸುಮಾರು 17 ಗ್ರಾಂ ಮಾತ್ರ. ಉಳಿದದ್ದು ಹನಿಯಾಗಿ ತಣ್ಣಗಿನ ಲೋಹದ ಮೇಲೆ ಕೂರುತ್ತದೆ. ಹಗಲು ಕಾದ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿ ತಣಿದಾಗ ಕೇಬಲ್ ಒಳಬರುವ ಸಂದುಗಳಿಂದ ಹೊರಗಿನ ತೇವದ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಪೆಟ್ಟಿಗೆ ಹೀಗೆ ದಿನವೂ ಉಸಿರಾಡುತ್ತದೆ. ಅದರ ಮೇಲೆ ನಮೂದಿಸಿರುವ ಐಪಿ 55 ಎಂಬ ದರ್ಜೆ ಧೂಳು ಮತ್ತು ನೀರಿನ ಚಿಮ್ಮುವಿಕೆಯಿಂದ ರಕ್ಷಣೆ ಇದೆ ಎಂದಷ್ಟೇ ಹೇಳುತ್ತದೆ. ಆವಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ತೇವದಿಂದ ಆಗುವ ಹಾನಿ ಬರಿಯ ತುಕ್ಕಲ್ಲ. ಉಪಕೇಂದ್ರದ ರಕ್ಷಣಾ ರಿಲೇಗಳು ಬ್ಯಾಟರಿಯ ಡಿ.ಸಿ. ವಿದ್ಯುತ್ತಿನಿಂದ, ಸಾಮಾನ್ಯವಾಗಿ 110 ಅಥವಾ 220 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಟ್ರಾನ್ಸ್‌ಫಾರ್ಮರ್‌ನೊಳಗೆ ಅನಿಲ ಉಂಟಾದಾಗ ಎಚ್ಚರಿಸುವ ಬುಕ್‌ಹೋಲ್ಜ್ ರಿಲೇಯ ತಂತಿಗಳೂ ಈ ಪೆಟ್ಟಿಗೆಯ ಮೂಲಕವೇ ಹಾದುಹೋಗುತ್ತವೆ. ಅಕ್ಕಪಕ್ಕದ ಎರಡು ಟರ್ಮಿನಲ್‌ಗಳ ನಡುವೆ ಧೂಳು ಮತ್ತು ನೀರು ಸೇರಿದ ತೆಳು ಪದರ ಮೂಡಿದರೆ ಅಲ್ಲಿ ವಿದ್ಯುತ್ ಹರಿಯತೊಡಗುತ್ತದೆ. ಇಲ್ಲದ ದೋಷಕ್ಕೆ ಬ್ರೇಕರ್ ತೆರೆದುಕೊಳ್ಳುವುದು ಹೀಗೆ. ಇದಕ್ಕಿಂತ ಕೆಟ್ಟದ್ದು ಇದರ ವಿರುದ್ಧದ ಸ್ಥಿತಿ. ಕಿಲುಬು ಹಿಡಿದು ತಂತಿಯ ಸಂಪರ್ಕ ಕಡಿದಿದ್ದರೆ, ನಿಜವಾದ ದೋಷ ಬಂದಾಗ ಬ್ರೇಕರ್ ತೆರೆದುಕೊಳ್ಳುವುದೇ ಇಲ್ಲ.

ಪುಟ್ಟ ಹೀಟರ್‌ನ ಕೆಲಸ: ಪರಿಹಾರ ಸರಳವಾದದ್ದು. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಉಪ್ಪು, ಹುಣಸೆಹಣ್ಣನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುವುದಕ್ಕೂ ಇದಕ್ಕೂ ತತ್ವ ಒಂದೇ. ಪೆಟ್ಟಿಗೆಯ ತಳಭಾಗದಲ್ಲಿ ಸ್ಪೇಸ್ ಹೀಟರ್ ಎಂಬ ಪುಟ್ಟ ಸಾಧನವನ್ನು ಅಳವಡಿಸಿ, ಒಳಗಿನ ಗಾಳಿಯನ್ನು ಹೊರಗಿನದಕ್ಕಿಂತ ಕೆಲವೇ ಡಿಗ್ರಿ ಬೆಚ್ಚಗಿಡಲಾಗುತ್ತದೆ. ಹೊರಗೆ 25 ಡಿಗ್ರಿ ಉಷ್ಣಾಂಶ, ಶೇ 95ರಷ್ಟು ಆರ್ದ್ರತೆ ಇದೆಯೆನ್ನೋಣ. ಆ ಗಾಳಿಯನ್ನು 32 ಡಿಗ್ರಿಗೆ ಏರಿಸಿದರೆ ಆರ್ದ್ರತೆ ಶೇ 63ರ ಆಸುಪಾಸಿಗೆ ಇಳಿಯುತ್ತದೆ. ನೀರಾವಿ ಎಲ್ಲಿಗೂ ಹೋಗಿರುವುದಿಲ್ಲ. ಆದರೆ ಹನಿಗಟ್ಟುವ ಸ್ಥಿತಿ ದೂರವಾಗಿರುತ್ತದೆ.

ಎಷ್ಟು ವ್ಯಾಟ್ ಬೇಕೆಂಬ ಲೆಕ್ಕವೂ ಕಠಿಣವಲ್ಲ. ಬಣ್ಣ ಬಳಿದ ಉಕ್ಕಿನ ಹಾಳೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.5 ವ್ಯಾಟ್ ಶಾಖವನ್ನು ಹೊರಬಿಡುತ್ತದೆ. ಮೂರು ಚದರ ಮೀಟರ್ ಮೈಯುಳ್ಳ ಪೆಟ್ಟಿಗೆಯನ್ನು 7 ಡಿಗ್ರಿ ಬೆಚ್ಚಗಿಡಲು 115 ವ್ಯಾಟ್ ಸಾಕು. ನಾಲ್ಕು ತಿಂಗಳು ಎಡೆಬಿಡದೆ ಉರಿದರೂ ಖರ್ಚಾಗುವುದು ಸುಮಾರು 330 ಯೂನಿಟ್. ಆರ್ದ್ರತೆಯನ್ನು ಅಳೆದು ಹೀಟರನ್ನು ನಡೆಸುವ ಹೈಗ್ರೋಸ್ಟಾಟ್ ಇದ್ದರೆ ಇನ್ನೂ ಕಡಿಮೆ. ಬರಿಯ ಥರ್ಮೋಸ್ಟಾಟ್ ಸಾಲದು. ಅದಕ್ಕೆ ತಿಳಿಯುವುದು ಚಳಿ ಮಾತ್ರ, ತೇವವಲ್ಲ. ಇತ್ತೀಚಿನ ಹೀಟರ್‌ಗಳಲ್ಲಿ ಪಿಟಿಸಿ ಎಂಬ ಪಿಂಗಾಣಿ ಬಿಲ್ಲೆ ಇರುತ್ತದೆ. ಬಿಸಿಯೇರಿದಂತೆ ಅದರ ರೋಧ ಹೆಚ್ಚಿ ವಿದ್ಯುತ್ ಪ್ರವಾಹ ತಾನೇ ತಗ್ಗುವುದರಿಂದ ಅದು ಮಿತಿಮೀರಿ ಕಾಯುವ ಭಯ ಕಡಿಮೆ.

ಎಡವುವುದು ಬಳಕೆಯಲ್ಲಿ. ಯಂತ್ರ ನಿಂತಾಗಲೇ ಪೆಟ್ಟಿಗೆ ತಣಿಯುತ್ತದೆ, ಇಬ್ಬನಿ ಕಟ್ಟುವುದೂ ಆಗಲೇ. ಆದ್ದರಿಂದ ಹೀಟರ್‌ಗೆ ಪ್ರತ್ಯೇಕ ಪೂರೈಕೆ ಕೊಡಲಾಗುತ್ತದೆ. ಮುಖ್ಯ ಸ್ವಿಚ್ ಆರಿಸಿದ ಮೇಲೂ ಆ ತಂತಿಗಳಲ್ಲಿ 230 ವೋಲ್ಟ್ ಇರುತ್ತದೆ ಎಂಬುದನ್ನು ದುರಸ್ತಿಗೆ ಕೈಹಾಕುವವರು ಮರೆತರೆ ಪ್ರಾಣಕ್ಕೇ ಸಂಚಕಾರ. ಬಾಗಿಲಿನ ಒಳಗೆ ಇದರ ಎಚ್ಚರಿಕೆ ಫಲಕ ಇರಲೇಬೇಕು. ಇನ್ನೊಂದೆಡೆ, ಬೇಸಿಗೆಯಲ್ಲಿ ಯಾರೋ ಆರಿಸಿದ ಹೀಟರ್‌ನ ಸ್ವಿಚ್ಚನ್ನು ಜೂನ್‌ನಲ್ಲಿ ಮತ್ತೆ ಹಾಕುವವರು ಇರುವುದಿಲ್ಲ. ಹೀಟರ್ ಸುಟ್ಟುಹೋದರೂ ದೀಪ ಆರುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಯಲುಸೀಮೆಯ ಬೇರೆ ಸಮಸ್ಯೆ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಕಡೆ ಪೆಟ್ಟಿಗೆಯನ್ನು ತಂಪಾಗಿಡುವುದೇ ಕೆಲಸ. ಕಡಿಮೆ ವೋಲ್ಟೇಜ್ ಫಲಕಗಳಿಗೆ ಅನ್ವಯಿಸುವ ಐಇಸಿ 61439 ಮಾನದಂಡವು ಸುತ್ತಲಿನ ಗಾಳಿ 40 ಡಿಗ್ರಿ ಮೀರದು, ದಿನದ ಸರಾಸರಿ 35 ದಾಟದು ಎಂದು ಭಾವಿಸಿಕೊಂಡಿದೆ. ಮೋಟಾರಿನ ವೇಗ ನಿಯಂತ್ರಿಸುವ 15 ಕಿಲೋವ್ಯಾಟ್‌ನ ಡ್ರೈವ್ ಶೇ 3ರಷ್ಟನ್ನು ಶಾಖವಾಗಿ ಬಿಟ್ಟರೂ ಅದು 450 ವ್ಯಾಟ್. ಮೇಲೆ ಹೇಳಿದ ಅಳತೆಯ ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಉಷ್ಣಾಂಶವನ್ನು 27 ಡಿಗ್ರಿ ಏರಿಸುತ್ತದೆ. ಹೊರಗೆ 40 ಇದ್ದರೆ ಒಳಗೆ 67. ಬಿಸಿಲು ಬೀಳುವ ಪೆಟ್ಟಿಗೆಯಾದರೆ ಇನ್ನೂ ಹೆಚ್ಚು. ಫ್ಯಾನ್ ಹಾಕಿ ಗಂಟೆಗೆ 140 ಘನ ಮೀಟರ್ ಗಾಳಿ ಹಾಯಿಸಿದರೆ ಏರಿಕೆ 10 ಡಿಗ್ರಿಗೆ ಇಳಿಯುತ್ತದೆ. ಆದರೆ ಫ್ಯಾನ್ ಹೊರಗಿನ ಗಾಳಿಗಿಂತ ತಂಪು ಮಾಡಲಾರದು, ಜೊತೆಗೆ ಧೂಳನ್ನೂ ತರುತ್ತದೆ. ಜಾಲರಿ ಶೋಧಕವನ್ನು ತೊಳೆಯದೆ ಬಿಟ್ಟರೆ ಫ್ಯಾನ್ ತಿರುಗುತ್ತಿದ್ದರೂ ಗಾಳಿ ಹಾಯುವುದಿಲ್ಲ.

ಕೊನೆಯ ಉಪಾಯ ಪೆಟ್ಟಿಗೆಗೇ ಹವಾನಿಯಂತ್ರಣ. ಹವಾನಿಯಂತ್ರಣ ಹುಟ್ಟಿದ್ದೂ ಮನುಷ್ಯರ ಸುಖಕ್ಕಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಅದನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ತಪ್ಪಿ ಕೂರುವುದನ್ನು ತಡೆಯಲಿಕ್ಕೆ. ಪೆಟ್ಟಿಗೆಯ ಹವಾನಿಯಂತ್ರಕವನ್ನು ಕಚೇರಿಯಂತೆ 20 ಡಿಗ್ರಿಗೆ ಇಡುವುದು ಮಾತ್ರ ತಪ್ಪು. ಮಂಗಳೂರಿನಂಥ ಊರಿನಲ್ಲಿ, 30 ಡಿಗ್ರಿ ಉಷ್ಣಾಂಶದ ಶೇ 80ರಷ್ಟು ತೇವದ ಗಾಳಿ 26 ಡಿಗ್ರಿಯಲ್ಲೇ ಹನಿಗಟ್ಟುತ್ತದೆ. ಅಂಥಲ್ಲಿ 20 ಡಿಗ್ರಿಗೆ ತಣಿದ ಪೆಟ್ಟಿಗೆಯ ಬಾಗಿಲು ತೆರೆದ ಕೂಡಲೇ ಇಡೀ ಸರ್ಕಿಟ್ ಒದ್ದೆಯಾದೀತು. 35 ಡಿಗ್ರಿಯ ಸುಮಾರಿಗೆ ಇಟ್ಟರೆ ಸಾಮಾನ್ಯವಾಗಿ ಉಪಕರಣಕ್ಕೂ ಸಾಕು, ಇಬ್ಬನಿಯ ಕಾಟವೂ ಇಲ್ಲ. ಬಾಗಿಲು ತೆರೆದಾಗ ಯಂತ್ರವನ್ನು ನಿಲ್ಲಿಸುವ ಸ್ವಿಚ್ ಇರುವುದು ಒಳ್ಳೆಯದು.

ಮುಂಗಾರಿಗೆ ಮುನ್ನ, ಮೇ ತಿಂಗಳ ಕೊನೆಯೊಳಗೆ ಮಾಡಬೇಕಾದ ತಪಾಸಣೆಗೆ ಒಂದು ಪೆಟ್ಟಿಗೆಗೆ ಹತ್ತು ನಿಮಿಷ ಸಾಕು. ಹೀಟರ್‌ನ ತಂತಿಗೆ ಕ್ಲ್ಯಾಂಪ್ ಮೀಟರ್ ಹಿಡಿದು ಪ್ರವಾಹ ಇದೆಯೇ ಎಂದು ನೋಡಬೇಕು. 115 ವ್ಯಾಟ್‌ನ ಹೀಟರ್ ಆದರೆ ಅರ್ಧ ಆಂಪಿಯರ್ ತೋರಿಸಬೇಕು. ಬಾಗಿಲಿನ ರಬ್ಬರ್ ಪಟ್ಟಿ, ಬಳಸದೆ ತೆರೆದುಳಿದ ಕೇಬಲ್ ರಂಧ್ರಗಳು, ತಳದಲ್ಲಿ ನೀರು ಬಸಿಯುವ ತೂತು ಇವನ್ನೂ ನೋಡಬೇಕು. ಬಣ್ಣ ಬಳಿಯುವಾಗ ಈ ತೂತು ಮುಚ್ಚಿಹೋಗಿರುವುದುಂಟು.