ತಾಮ್ರಪಟದಿಂದ ಬ್ಲಾಕ್‌ಚೈನಿನವರೆಗೆ: ಗುರುತಿನ ಸ್ವಾಧೀನ

ಕ್ರಿ.ಶ. ೧೭೮೭ರಲ್ಲಿ ಠಾಣೆಯ ಕೋಟೆಯ ಬಳಿ ನೆಲವನ್ನು ಅಗೆಯುತ್ತಿದ್ದಾಗ ಶಿಲಾಹಾರ ಅರಿಕೇಸರಿಯ ತಾಮ್ರಶಾಸನವು ದೊರೆಯಿತು. ಅದರ ಕಾಲ ಶಕ ೯೩೯, ಅಂದರೆ ಕ್ರಿ.ಶ. ೧೦೧೭. ಅರಸನಿಂದ ದಾನವನ್ನು ಪಡೆದವನು ಚ್ಛಿಂತಪೈಯನ ಮಗನಾದ ತಿಕ್ಕಪೈಯ. ಆ ಕಾಲದ ತಾಮ್ರಪಟಗಳ ಪದ್ಧತಿಯಲ್ಲಿ ಗಮನಿಸತಕ್ಕ ಅಂಶವೊಂದಿದೆ: ಮುದ್ರೆಯು ಕೊಟ್ಟವನದು, ಹಲಗೆಗಳು ಇರುತ್ತಿದ್ದುದು ಪಡೆದವನ ಮನೆಯಲ್ಲಿ. ಹಕ್ಕನ್ನು ಸ್ಥಾಪಿಸಬೇಕಾದಾಗ ಅವನೇ ಅವುಗಳನ್ನು ತಂದು ತೋರಿಸಬೇಕಾಗಿತ್ತು. ಈ ಪದ್ಧತಿಯಲ್ಲಿ ದೋಷಗಳು ಇಲ್ಲದೆ ಇರಲಿಲ್ಲ. ಹಲಗೆಗಳು ಕಳೆದುಹೋಗುತ್ತಿದ್ದುವು, ಕೂಟಶಾಸನಗಳೂ ಹುಟ್ಟುತ್ತಿದ್ದುವು. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಫ್ಲೀಟರು ಕೃತಕವೆಂದು ತಳ್ಳಿಹಾಕಿದುದು ವಿದ್ವಾಂಸರಿಗೆ ತಿಳಿದೇ ಇದೆ.

ಕಾಗದದ ರಾಜ್ಯಭಾರವು ಪ್ರಬಲವಾದಂತೆ ಪ್ರಮಾಣವು ಮನೆಯನ್ನು ಬಿಟ್ಟು ಕಚೇರಿಯನ್ನು ಸೇರಿತು. ಇಂದಿನ ಸೀವುಡ್ಸ್ ಇರುವ ನೆಲವೇ ಇದಕ್ಕೆ ಸಾಕ್ಷಿ. ೧೯೭೦ರಲ್ಲಿ ಸಿಡ್ಕೊ ಸ್ಥಾಪಿತವಾಗಿ ನವಿ ಮುಂಬಯಿಗಾಗಿ ಭೂಸ್ವಾಧೀನವು ನಡೆದಾಗ, ದಾರಾವೆ, ಕರಾವೆ ಮೊದಲಾದ ಹಳ್ಳಿಗಳಲ್ಲಿ ರೈತನಿಗೆ ಆಧಾರವಾದುದು ತಲಾಠಿಯ ದಫ್ತರದ ಸಾತ್-ಬಾರಾ ಉತಾರೆ. ತಲೆಮಾರುಗಳಿಂದ ಉಳುತ್ತ ಬಂದವನೂ ಆ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ತನ್ನ ಹಕ್ಕನ್ನು ಸ್ಥಾಪಿಸುವುದು ದುಸ್ತರವಾಗಿತ್ತು. ಅನಂತರ ಇಲ್ಲಿ ಬಂದು ನೆಲಸಿದ ಕನ್ನಡಿಗರ ಕಷ್ಟವು ಬೇರೆ ಬಗೆಯದು. ಊರಿನ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟುಕೊಂಡು ಬಂದವನಿಗೆ ಇಲ್ಲಿಯ ಅರ್ಜಿಯು ತಂದೆಯ ಹೆಸರನ್ನು ನಡುವೆಯೂ ಮನೆತನದ ಹೆಸರನ್ನು ಕೊನೆಗೂ ಕೇಳುತ್ತದೆ. ಶಾಲೆಯ ಪ್ರಮಾಣಪತ್ರದ ಹೆಸರಿಗೂ ಪಡಿತರ ಚೀಟಿಯ ಹೆಸರಿಗೂ ಹೊಂದಿಕೆಯಾಗದಿದ್ದರೆ, ಇಬ್ಬರೂ ತಾನೊಬ್ಬನೇ ಎಂದು ಪ್ರತಿಜ್ಞಾಪತ್ರದ ಮೂಲಕ ಸಾಧಿಸಬೇಕು!

ಆಧಾರ್ ಯೋಜನೆಯು ಈ ಕೇಂದ್ರೀಕರಣವನ್ನು ಪರಾಕಾಷ್ಠೆಗೆ ಒಯ್ದಿತು. ಇದರ ಮೊದಲ ಸಂಖ್ಯೆಗಳನ್ನು ವಿತರಿಸಿದುದು ಮಹಾರಾಷ್ಟ್ರದಲ್ಲಿಯೇ, ನಂದುರಬಾರ್ ಜಿಲ್ಲೆಯ ಟೆಂಭ್ಲಿ ಗ್ರಾಮದಲ್ಲಿ, ೨೦೧೦ರ ಸೆಪ್ಟೆಂಬರ್ ೨೯ರಂದು. ಯೋಜನೆಯ ಪ್ರಾಧಿಕಾರಕ್ಕೆ ಮೊದಲ ಅಧ್ಯಕ್ಷರಾದ ನಂದನ್ ನಿಲೇಕಣಿಯವರು ಬೆಂಗಳೂರಿನವರು. ೨೦೧೨ರಲ್ಲಿ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರು. ಆಗ ಅವರ ವಯಸ್ಸು ಎಂಬತ್ತಾರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಐವರ ಪೀಠವು ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿದರೂ, ಖಾಸಗಿ ಸಂಸ್ಥೆಗಳ ಬಳಕೆಗೆ ಅವಕಾಶವಿತ್ತ ಭಾಗವನ್ನು ರದ್ದುಗೊಳಿಸಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು.

ಪ್ರಮಾಣವನ್ನು ಮರಳಿ ವ್ಯಕ್ತಿಯ ಕೈಗೆ ತರುವ ಪ್ರಯತ್ನವು ಬ್ಲಾಕ್‌ಚೈನ್ ಎಂಬ ಲೆಕ್ಕದ ಪುಸ್ತಕದ ಆಶ್ರಯದಲ್ಲಿ ನಡೆದಿದೆ. ಇದರ ಪ್ರತಿಗಳು ಅನೇಕರಲ್ಲಿರುತ್ತವೆ. ಪ್ರತಿಯೊಂದು ಪುಟದಲ್ಲಿಯೂ ಹಿಂದಿನ ಪುಟದ ಸಂಕೇತಾಂಕವು ಸೇರಿರುವುದರಿಂದ ಒಂದೆಡೆ ತಿದ್ದಿದರೆ ಉಳಿದೆಡೆ ಬಯಲಾಗುತ್ತದೆ. ಪ್ರಮಾಣಪತ್ರವು ಇರುವುದು ಒಡೆಯನಲ್ಲಿ. ಪುಸ್ತಕದಲ್ಲಿರುವುದು ಕೊಟ್ಟವನ ಮುದ್ರೆಯನ್ನು ಪರೀಕ್ಷಿಸಲು ಬೇಕಾದ ಗುರುತು ಮಾತ್ರ. ಹುಟ್ಟಿದ ದಿನವನ್ನು ಹೇಳದೆಯೇ ಹದಿನೆಂಟು ತುಂಬಿದೆಯೆಂದು ತೋರಿಸುವುದೂ ಸಾಧ್ಯ. ತಾಮ್ರಪಟದ ಎರಡು ದೋಷಗಳಲ್ಲಿ ಕೂಟರಚನೆಗೆ ಇಲ್ಲಿ ಒಳ್ಳೆಯ ತಡೆ ದೊರೆತಿದೆ; ಕಳೆದುಹೋಗುವಿಕೆಗೆ ದೊರೆತಿಲ್ಲ. ಒಡೆಯನ ರಹಸ್ಯ ಕೀಲಿಯು ಕಳೆದರೆ ಅದನ್ನು ಮರಳಿ ಕೊಡಬಲ್ಲ ಕಚೇರಿ ಯಾವುದೂ ಇಲ್ಲ.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ ೬೫,೦೦೦ ಜಾತಿ ಪ್ರಮಾಣಪತ್ರಗಳನ್ನು ಇಂತಹ ಪುಸ್ತಕಕ್ಕೆ ಏರಿಸುವ ಕಾರ್ಯವು ೨೦೨೨ರಲ್ಲಿ ಆರಂಭವಾಯಿತು. ಪತ್ರವು ನಕಲಿಯೇ ಎಂಬುದನ್ನು ಅದು ತಿಳಿಸಬಲ್ಲುದು. ಅರ್ಜಿದಾರನ ಜಾತಿ ಯಾವುದೆಂಬ ನಿರ್ಣಯವು ಮೊದಲಿನಂತೆಯೇ ಅಧಿಕಾರಿಯ ಮೇಜಿನ ಮೇಲೆ, ಹಳೆಯ ಶಾಲಾ ದಾಖಲೆಗಳನ್ನು ತಿರುವಿಹಾಕಿ ಆಗಬೇಕಾದುದೇ.