ಗಂಜಿಯ ನಂತರ ಬೀಜ: ಧಾತು ಬರದ ಪಾಠ

‘ಧಾತು ಈಶ್ವರ ಬರ’ ಅಂತ ಹಿರಿಯರು ಹೇಳುವುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಅದು 1876ರಿಂದ 78ರವರೆಗಿನ ಮಹಾ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರ ಲೆಕ್ಕಕ್ಕೆ ಸಿಕ್ಕವರು 42 ಲಕ್ಷಕ್ಕೂ ಕಡಿಮೆ.

ಸರ್ಕಾರ ಬರ ಕಾಮಗಾರಿ ತೆರೆಯಿತು, ಗಂಜಿ ಕೇಂದ್ರ ನಡೆಸಿತು. ಆದರೆ 1877ರ ಆರಂಭದಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ ಖರ್ಚು ಉಳಿಸಲು ಹೊರಟ. ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ದಿನಗೂಲಿ ಒಂದು ಪೌಂಡ್ ಧಾನ್ಯದ ಬೆಲೆಗೆ ಇಳಿಯಿತು, ಮೇಲೆ ಒಂದಿಷ್ಟು ಪುಡಿಗಾಸು. ಒಂದು ಪೌಂಡ್ ಅಂದರೆ ಅರ್ಧ ಕಿಲೋ ಕೂಡ ಅಲ್ಲ.

ಆ ಆಗಸ್ಟ್‌ನಲ್ಲಿ ಮದ್ರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿ ಲಂಡನ್ ಮೇಯರ್‌ಗೆ ಮೊರೆ ಇಟ್ಟರು. ಕೂಡಿದ ಚಂದಾ 5 ಲಕ್ಷ ಪೌಂಡ್‌ಗೂ ಹೆಚ್ಚು. ಅದನ್ನು ಹಂಚಿದ್ದು ಸ್ಥಳೀಯ ಸಮಿತಿಗಳು. ಅನಾಥ ಮಕ್ಕಳಿಗೆ, ಬಟ್ಟೆಗೆ ಒಂದಿಷ್ಟು ಹೋಯಿತು. ದೊಡ್ಡ ಪಾಲು ರೈತರ ಬೀಜಕ್ಕೆ, ಎತ್ತಿಗೆ ಹೋಯಿತು.

ಯಾಕೆ? ಗಂಜಿ ಕುಡಿದು ಜೀವ ಉಳಿಸಿಕೊಂಡವರು ಊರಿಗೆ ಮರಳಿದಾಗ ಎತ್ತು ಸತ್ತಿದ್ದವು, ಬಿತ್ತನೆ ಬೀಜ ತಿಂದು ಮುಗಿದಿತ್ತು. ಮಳೆ ಬಂದರೂ ಹೊಲ ಬೀಳೇ.

ಇಂದೂ ನೆರೆ ಬಂದರೆ ಯುವಕ ಸಂಘ, ಮಠ, ಮಸೀದಿ, ಸ್ತ್ರೀಶಕ್ತಿ ಸಂಘಗಳವರು ಊಟದ ಪೊಟ್ಟಣ ಹಿಡಿದು ಮೊದಲು ಓಡುತ್ತಾರೆ. ಅದು ಬೇಕೇ ಬೇಕು. ತಿಂಗಳಾದ ಮೇಲೆ ಅದೇ ಮನೆಗೆ ಮತ್ತೊಮ್ಮೆ ಹೋಗಿ, ಬೀಜ ಇದೆಯಾ, ಹಸು ಉಳಿದಿದೆಯಾ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ ಅಂತ ಕೇಳುವುದೂ ಅಷ್ಟೇ ಬೇಕು ಅನ್ನುತ್ತೇವೆ ನಾವು.